ಮೋಟಾರು ಸೈಕಲ್ಲಿನ ಸ್ಪಂಜಿನ ಏರ್ ಫಿಲ್ಟರು: ರಾಶಿ ಕಾಲದ ಆರೈಕೆ

ಸಂಕ್ರಾಂತಿಯ ಆಸುಪಾಸಿನಲ್ಲಿ ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ಯಾವ ಹಳ್ಳಿಗೆ ಹೋದರೂ ತೊಗರಿಯ ರಾಶಿ ನಡೆದಿರುತ್ತದೆ. ಯಂತ್ರದ ಬಾಯಿಂದ ಹೊಟ್ಟು ಹಾರುತ್ತಿರುತ್ತದೆ. ಹತ್ತು ಮಾರು ದೂರದಲ್ಲಿ, ಹೊಟ್ಟು ಹೋಗಿ ಬೀಳುವ ಕಡೆಗೇ, ಎರಡು ಮೂರು ಮೋಟಾರು ಸೈಕಲ್ಲುಗಳು ನಿಂತಿರುತ್ತವೆ. ಚೀಲ ತರಲು ಒಂದು, ಡೀಸೆಲ್ ತರಲು ಒಂದು, ಆಳುಗಳಿಗೆ ಬುತ್ತಿ ತರಲು ಇನ್ನೊಂದು. ದಿನಕ್ಕೆ ಎಂಟು ಹತ್ತು ಸಲ ಅದೇ ಧೂಳಿನಲ್ಲಿ ಅವುಗಳನ್ನು ಚಾಲೂ ಮಾಡಿ, ಅದೇ ಧೂಳಿನ ದಾರಿಯಲ್ಲಿ ಓಡಿಸುತ್ತಾರೆ. ರಾಶಿ ಮುಗಿದ ಮೇಲೆ ಯಂತ್ರಕ್ಕೆ ಎಣ್ಣೆ, ಗ್ರೀಸು ಹಾಕಿ ತಾಡಪತ್ರಿ ಮುಚ್ಚಿ ಇಡುವ ರೈತರೇ ಮೋಟಾರು ಸೈಕಲ್ಲಿಗೆ ಮಾತ್ರ ಮೈ ತೊಳೆದು ಬಿಡುತ್ತಾರೆ. ಅದರ ಮೂಗಿನೊಳಗೆ ಏನು ತುಂಬಿದೆ ಎಂದು ನೋಡುವವರು ವಿರಳ.

1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ಡು, 1985ರಲ್ಲಿ ಹೀರೋ ಹೊಂಡಾ ಸಿ.ಡಿ. 100 ಪೇಟೆಗೆ ಬಂದವು. ಅಲ್ಲಿಂದೀಚೆಗೆ ಎತ್ತಿನ ಬಂಡಿ ಹಾಗೂ ಸೈಕಲ್ಲು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಈ ಚಿಕ್ಕ ಗಾಡಿಗಳ ಮೇಲೆ ಬಿದ್ದಿದೆ. ಹಾಲಿನ ಕ್ಯಾನು, ಬೀಜ, ಗೊಬ್ಬರದ ಚೀಲ, ರಾತ್ರಿ ಹೊತ್ತು ದವಾಖಾನೆಗೆ ಹೋಗಬೇಕಾದ ಬಾಣಂತಿ, ಎಲ್ಲವೂ ಇದರ ಮೇಲೆಯೇ. ಆದುದರಿಂದ ಇದನ್ನು ಕೃಷಿ ಉಪಕರಣವೆಂದೇ ಎಣಿಸಿ ಆರೈಕೆ ಮಾಡಬೇಕಾಗಿದೆ.

ಇಂಜಿನ್ನು ಕುಡಿಯುವ ಗಾಳಿ

ಪೆಟ್ರೋಲು ತಾನೊಂದೇ ಉರಿಯಲಾರದು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಹದಿನೈದು ಕಿಲೋದಷ್ಟು ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು 9,000 ಲೀಟರು ಗಾಳಿ, ಅಂದರೆ 200 ಲೀಟರಿನ 45 ಡ್ರಮ್ಮುಗಳಷ್ಟು. ಹುಮನಾಬಾದಿನ ಪೇಟೆಗೆ ಹೋಗಿ ಬರುವುದರೊಳಗೆ ಗಾಡಿ ಇಷ್ಟು ಗಾಳಿಯನ್ನು ಹೀರಿರುತ್ತದೆ. ಆ ಗಾಳಿಯಲ್ಲಿ ಏನಿದೆಯೋ ಅದೆಲ್ಲವೂ ಇಂಜಿನ್ನಿನ ಬಾಗಿಲಿಗೆ ಬರುತ್ತದೆ.

ಈ ಎರಡು ತಾಲೂಕುಗಳಲ್ಲಿ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ, ಎರೆ ನೆಲ ಎರಡೂ ಇವೆ. ಕೆಂಪು ನೆಲದ ಧೂಳಿನಲ್ಲಿ ಕಬ್ಬಿಣದ ಆಕ್ಸೈಡು ಹೇರಳ. ಎರೆ ನೆಲವು ಹಸಿಯಿದ್ದಾಗ ಅಂಟಿಕೊಂಡರೂ ಬೇಸಿಗೆಯ ಬಂಡಿ ದಾರಿಯಲ್ಲಿ ಗಾಲಿಗಳಿಗೆ ಸಿಕ್ಕು ಹಿಟ್ಟಿನಂತಾಗುತ್ತದೆ. ಇವುಗಳ ಜೊತೆಗೆ ಬೆಣಚು ಕಲ್ಲಿನ ನುಣ್ಣನೆಯ ಹುಡಿ ಇದ್ದರೆ ಅದು ಸಿಲಿಂಡರಿನ ಬೀಡು ಕಬ್ಬಿಣಕ್ಕಿಂತ ಗಟ್ಟಿ. ರೈತರು ಗಮನಿಸತಕ್ಕ ಇನ್ನೊಂದು ವಿಷಯವೆಂದರೆ, ಹೊಟ್ಟು ಮೆತ್ತಗಿದೆಯೆಂದು ನಿರ್ಲಕ್ಷಿಸುವಂತಿಲ್ಲ. ಜೋಳ ಮೊದಲಾದ ಹುಲ್ಲಿನ ಜಾತಿಯ ಬೆಳೆಗಳು ಮಣ್ಣಿನಿಂದ ಸಿಲಿಕಾ ಹೀರಿ ಎಲೆ, ತೆನೆ, ದಂಟಿನಲ್ಲಿ ಶೇಖರಿಸುತ್ತವೆ. ಜೋಳದ ಸುಂಕು ಮೈಗೆ ಹತ್ತಿದರೆ ಎಷ್ಟು ತುರಿಸುತ್ತದೆಂಬುದು ರಾಶಿ ಮಾಡಿದವರಿಗೆಲ್ಲ ಗೊತ್ತು. ಅದೇ ಸುಂಕು ಇಂಜಿನ್ನಿಗೂ ಹೋಗುತ್ತದೆ.

ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪದರು ಕೆಲವೇ ಮೈಕ್ರಾನು ದಪ್ಪ. ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಈ ಪದರಿನಲ್ಲಿ ಸೇರಿತೆಂದರೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ರಿಂಗು ಸವೆಯುತ್ತದೆ, ಸಿಲಿಂಡರಿನಲ್ಲಿ ಗೀರು ಬೀಳುತ್ತದೆ, ಇಂಜಿನ್ ಆಯಿಲು ಕಡಿಮೆಯಾಗುತ್ತಾ ಹೋಗಿ ಹಿಂದಿನಿಂದ ನೀಲಿ ಹೊಗೆ ಬರುತ್ತದೆ. ಆಗ ಬೋರು ಮಾಡಿಸಿ ಹೊಸ ಪಿಸ್ಟನ್ನು, ರಿಂಗು ಹಾಕಿಸದೆ ಗತ್ಯಂತರವಿಲ್ಲ. ಖರ್ಚು ಸಾವಿರಾರು ರೂಪಾಯಿಗಳದು. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ ಸುಗ್ಗಿಯ ನಡುವೆ ಗಾಡಿ ಅಂಗಡಿಯಲ್ಲಿ ಬಿಚ್ಚಿ ಬಿದ್ದಿರುವುದು.

ಸ್ಪಂಜು ಮತ್ತು ಎಣ್ಣೆ

ಸ್ಪಂಜಿನ ರಂಧ್ರಗಳನ್ನು ಬರಿಗಣ್ಣಿನಿಂದಲೇ ಕಾಣಬಹುದು. ಧೂಳಿನ ಕಣ ಅದಕ್ಕಿಂತ ಎಷ್ಟೋ ಸಣ್ಣದು. ಹಾಗಾದರೆ ಸ್ಪಂಜು ಅದನ್ನು ಹೇಗೆ ತಡೆಯುತ್ತದೆ? ಅದು ಜರಡಿಯಂತೆ ಕೆಲಸ ಮಾಡುವುದಿಲ್ಲ. ಸ್ಪಂಜಿನೊಳಗೆ ಗಾಳಿ ನೂರಾರು ಕಡೆ ಹೊರಳಿ ತಿರುಗಿ ಹೋಗಬೇಕು. ಗಾಳಿ ತಿರುಗುತ್ತದೆ; ತೂಕವುಳ್ಳ ಧೂಳಿನ ಕಣ ತಿರುಗಲಾರದೆ ಗೋಡೆಗೆ ಬಡಿಯುತ್ತದೆ. ಗೋಡೆಗೆ ಎಣ್ಣೆ ಇದ್ದರೆ ಕಣ ಅಲ್ಲಿಯೇ ಅಂಟುತ್ತದೆ. ಎಣ್ಣೆ ಇಲ್ಲದಿದ್ದರೆ ಪುಟಿದು ಮತ್ತೆ ಗಾಳಿಯೊಡನೆ ಒಳಕ್ಕೆ ಹೋಗುತ್ತದೆ. ಹೀಗಾಗಿ ತೊಳೆದು ಒಣಗಿಸಿ ಎಣ್ಣೆ ಹಚ್ಚದೆ ಹಾಕಿದ ಸ್ಪಂಜು ನೋಡಲು ಸ್ವಚ್ಛವಾಗಿರುತ್ತದೆ, ಆದರೆ ಕೊಳೆಯಾದ ಎಣ್ಣೆಯ ಸ್ಪಂಜಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಕೊಳೆಯಾದದ್ದು ಉಸಿರು ಕಟ್ಟಿಸಿ ಗಾಡಿಯನ್ನು ನಿಧಾನಗೊಳಿಸೀತು, ಕಾರ್ಬುರೇಟರಿನ ಗಾಡಿಯಲ್ಲಿ ಕಪ್ಪು ಹೊಗೆ ಬಂದು ಪೆಟ್ರೋಲು ಹೆಚ್ಚು ಖರ್ಚಾದೀತು. ಒಣಗಿದ್ದು ಸದ್ದಿಲ್ಲದೆ ಇಂಜಿನ್ನನ್ನೇ ತಿನ್ನುತ್ತದೆ.

ಎಲ್ಲ ಗಾಡಿಗಳಲ್ಲಿ ಸ್ಪಂಜು ಇರುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಈಗಿನ ಅನೇಕ ಮಾದರಿಗಳಲ್ಲಿ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರು ಇರುತ್ತದೆ. ಅದಕ್ಕೆ ನೀರು, ಎಣ್ಣೆ ಯಾವುದನ್ನೂ ತಾಗಿಸಬಾರದು. ಕಾರಖಾನೆಯಲ್ಲಿಯೇ ಅಂಟೆಣ್ಣೆ ಹಚ್ಚಿದ ಕಾಗದದ ಫಿಲ್ಟರನ್ನು ಸ್ವಚ್ಛ ಮಾಡುವುದೇ ತಪ್ಪು, ಅವಧಿಗೆ ಬದಲಿಸಬೇಕು. ಸ್ಪಂಜಿನದೇ ಹೌದೆಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕತಕ್ಕದ್ದು.

ತೊಳೆಯುವ ಕ್ರಮ

ಗಾಡಿಯನ್ನು ಗಾಳಿ, ಧೂಳು ಇಲ್ಲದ ಕಡೆ, ಇಂಜಿನ್ನು ತಣ್ಣಗಾದ ಮೇಲೆ ನಿಲ್ಲಿಸಬೇಕು. ಫಿಲ್ಟರಿನ ಡಬ್ಬಿಯ ಹೊರಮೈಯನ್ನು ಮೊದಲು ಒರೆಸಿ, ಅನಂತರ ಮುಚ್ಚಳ ಬಿಚ್ಚಬೇಕು. ಇಲ್ಲದಿದ್ದರೆ ಮುಚ್ಚಳದ ಮೇಲಿನ ಮಣ್ಣು ನೇರವಾಗಿ ಒಳಗೆ ಬೀಳುತ್ತದೆ. ಸ್ಪಂಜು ಯಾವ ಮುಖ ಹೊರಗಿತ್ತು, ಜಾಳಿಗೆಯ ಮೇಲೆ ಹೇಗೆ ಕೂತಿತ್ತು ಎಂಬುದನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು. ಸ್ಪಂಜು ತೆಗೆದ ಕೂಡಲೇ ಇಂಜಿನ್ನಿಗೆ ಹೋಗುವ ಕೊಳವೆಯ ಬಾಯಿಗೆ ಸ್ವಚ್ಛವಾದ ದೊಡ್ಡ ಬಟ್ಟೆ ತುರುಕಬೇಕು. ದೊಡ್ಡ ಬಟ್ಟೆ ಏಕೆಂದರೆ, ಚಿಕ್ಕ ಚಿಂದಿಯನ್ನು ಒಳಗೇ ಮರೆತು ಮುಚ್ಚಳ ಹಾಕುವವರಿದ್ದಾರೆ.

ತೊಳೆಯಲು ಪೆಟ್ರೋಲು ಬಳಸಲೇಬಾರದು. ಪೆಟ್ರೋಲಿನ ಆವಿ ನೆಲದ ಮೇಲೆ ಹರಿದು ಹೋಗಿ ದೂರದ ಒಲೆ, ಬೀಡಿ, ಪಂಪಿನ ಸ್ಟಾರ್ಟರಿನ ಕಿಡಿಯಿಂದಲೂ ಹತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಬೋಗುಣಿ ತುಂಬ ಪೆಟ್ರೋಲು ಇಟ್ಟುಕೊಂಡು ಕೂರುವುದು, ಪಕ್ಕದಲ್ಲಿ ಮಕ್ಕಳು ಆಡುತ್ತಿರುವುದು ಸಾಮಾನ್ಯ ನೋಟವಾಗಿದೆ, ಇದು ನಿಲ್ಲಬೇಕು. ಸ್ಪಂಜಿನ ಅಂಟಿಸಿದ ಬೆಸುಗೆಯೂ ಪೆಟ್ರೋಲಿಗೆ ಬಿಟ್ಟುಕೊಳ್ಳುವುದುಂಟು. ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ, ಅದನ್ನೂ ಬೆಂಕಿಯಿಂದ ದೂರವಿಟ್ಟು, ಸ್ಪಂಜನ್ನು ಅದ್ದಿ ಹಿಂಡಬೇಕು. ಸಿಗದಿದ್ದಲ್ಲಿ ಉಗುರು ಬೆಚ್ಚಗಿನ ನೀರು ಮತ್ತು ಬಟ್ಟೆ ತೊಳೆಯುವ ಸಾಬೂನಿನ ಪುಡಿ ಸಾಕು. ಎರಡು ಮೂರು ಸಲ ನೀರು ಬದಲಿಸಿ ತೊಳೆದರೆ ಹಳೆಯ ಎಣ್ಣೆ ಬಿಡುತ್ತದೆ. ಕೈಯಲ್ಲಿ ಅಮುಕಿ ಹಿಂಡಬೇಕೇ ಹೊರತು ಧೋತರ ಹಿಂಡುವಂತೆ ತಿರುಚಬಾರದು, ಬ್ರಷ್ಷಿನಿಂದ ಉಜ್ಜಬಾರದು. ಕೊನೆಗೆ ಬರಿ ನೀರಿನಲ್ಲಿ ಹಿಂಡಿದಾಗ ನೀರು ತಿಳಿಯಾಗಿ ಬಂದರೆ ಸ್ವಚ್ಛವಾಯಿತೆಂದು ತಿಳಿಯಬಹುದು.

ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಕಂಪ್ರೆಸರಿನ ಗಾಳಿ ಸುಲಭವಾಗಿ ಸಿಗುತ್ತದೆ. ಒಂದು ಕ್ಷಣ ಗಾಳಿ ಹೊಡೆಸಿ ಕೆಲಸ ಮುಗಿಯಿತೆಂದುಕೊಳ್ಳುವವರು ಬಹಳ. ಎಣ್ಣೆಗೆ ಅಂಟಿದ ಧೂಳು ಗಾಳಿಗೆ ಹೋಗುವುದಿಲ್ಲ. ಒತ್ತಡ ಹೆಚ್ಚಾದರೆ ಸ್ಪಂಜೇ ಹರಿಯುತ್ತದೆ.

ತೊಳೆದ ಸ್ಪಂಜನ್ನು ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆಂಬುದು ನಿಜ, ಆದರೆ ಪದೇ ಪದೇ ಬಿಸಿಲು ಕಂಡ ಸ್ಪಂಜು ಪುಡಿಪುಡಿಯಾಗುತ್ತದೆ. ತೇವ ಉಳಿದಿದ್ದರೆ ಎಣ್ಣೆ ಹಿಡಿಯುವುದಿಲ್ಲ. ರಾತ್ರಿ ತೊಳೆದು ಮನೆಯೊಳಗೆ ತೂಗುಹಾಕಿ ಬೆಳಿಗ್ಗೆ ಎಣ್ಣೆ ಹಚ್ಚುವುದು ಅನುಕೂಲ. ಈ ನಡುವೆ ತುರ್ತು ಕೆಲಸ ಬಂದರೂ ಸ್ಪಂಜಿಲ್ಲದೆ ಗಾಡಿ ಓಡಿಸಬಾರದು. ಸ್ಪಂಜು ತೆಗೆದರೆ ಗಾಡಿಗೆ ಎಳೆತ ಹೆಚ್ಚೆಂಬ ಮಾತು ಯುವಕರಲ್ಲಿದೆ. ಕೊಳೆ ಸ್ಪಂಜು ತೆಗೆದಾಗ ಹಾಗೆ ಅನಿಸುವುದು ಸಹಜ, ತೊಳೆದ ಸ್ಪಂಜು ಹಾಕಿದರೂ ಹಾಗೆಯೇ ಅನಿಸುತ್ತದೆ. ಇನ್ನೊಂದು ಸ್ಪಂಜನ್ನು ಕೊಂಡು ಮನೆಯಲ್ಲಿಟ್ಟುಕೊಂಡರೆ ಈ ತೊಡಕೇ ಇರುವುದಿಲ್ಲ.

ಎಣ್ಣೆ ಹಚ್ಚುವುದು

ಯಾವ ಎಣ್ಣೆ ಎಂಬುದನ್ನು ಗಾಡಿಯ ಪುಸ್ತಕ ಹೇಳುತ್ತದೆ. ಕೆಲವಕ್ಕೆ ಇಂಜಿನ್ ಆಯಿಲು, ಕೆಲವಕ್ಕೆ ಅದಕ್ಕಿಂತ ಮಂದವಾದ ಗೇರ್ ಆಯಿಲು. ಹೊಸ ಎಣ್ಣೆಯೇ ಆಗಬೇಕು. ಇಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯಲ್ಲಿ ಮೊದಲೇ ಲೋಹದ ಹುಡಿ, ಮಸಿ ಇರುತ್ತವೆ. ಕೊಬ್ಬರಿ ಎಣ್ಣೆ, ಕುಸುಬೆ ಎಣ್ಣೆ ಹಚ್ಚುವುದೂ ಕಂಡುಬಂದಿದೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಜಿಡ್ಡಿನ ಪದರಾಗುವ ಜಾತಿಯದು, ಸ್ಪಂಜಿನ ರಂಧ್ರಗಳು ಮುಚ್ಚಿಹೋಗುತ್ತವೆ.

ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸ್ಪಂಜನ್ನಿಟ್ಟು ಸ್ವಲ್ಪ ಎಣ್ಣೆ ಸುರಿದು, ರೊಟ್ಟಿಯ ಹಿಟ್ಟು ನಾದಿದಂತೆ ಹೊರಗಿನಿಂದ ನಾದುವುದು ಸುಲಭವಾದ ಉಪಾಯ. ಎಣ್ಣೆ ಪೋಲಾಗುವುದಿಲ್ಲ, ಎಲ್ಲ ಕಡೆ ಸಮನಾಗಿ ಹರಡುತ್ತದೆ. ಎಲ್ಲೆಡೆ ಒಂದೇ ಬಣ್ಣ ಬಂದ ಮೇಲೆ ಹೊರತೆಗೆದು, ಹಳೆಯ ಬಟ್ಟೆಯಲ್ಲಿ ಸುತ್ತಿ, ಹೆಚ್ಚಿನ ಎಣ್ಣೆಯನ್ನು ಒತ್ತಿ ತೆಗೆಯಬೇಕು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು, ಎತ್ತಿ ಹಿಡಿದರೆ ಹನಿ ಬೀಳಬಾರದು. ಹನಿ ಬೀಳುವಷ್ಟಿದ್ದರೆ ಗಾಳಿಗೆ ದಾರಿಯಿಲ್ಲದೆ ಗಾಡಿ ಹೊಗೆಯುಗುಳುತ್ತದೆ.

ಕೂರಿಸುವ ಮೊದಲು ಡಬ್ಬಿಯ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೊಳವೆಯಲ್ಲಿ ತುರುಕಿದ ಬಟ್ಟೆ ತೆಗೆದು, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಕೊಳವೆಯ ಒಳಗೋಡೆಯನ್ನು ಸವರಿ ನೋಡಬೇಕು. ಈ ಪರೀಕ್ಷೆ ಬಹಳ ಮುಖ್ಯ. ಬಟ್ಟೆಗೆ ಕೆಂಪು ಅಥವಾ ಕಪ್ಪು ಮಣ್ಣು ಹತ್ತಿದರೆ ಇಷ್ಟು ದಿನ ಧೂಳು ಒಳಗೆ ಹೋಗಿದೆಯೆಂದೇ ಅರ್ಥ. ಸ್ಪಂಜು ಹರಿದಿರಬಹುದು, ಅಂಚು ಸರಿಯಾಗಿ ಕೂತಿರಲಿಕ್ಕಿಲ್ಲ, ಇಲ್ಲವೆ ರಬ್ಬರು ಕೊಳವೆ ಬಿರಿದು ಅದರ ಪಟ್ಟಿ ಸಡಿಲಾಗಿರಬಹುದು. ಕಾರಣ ಹುಡುಕಿ ಸರಿಪಡಿಸದೆ ಮುಚ್ಚಳ ಹಾಕಬಾರದು. ಸ್ಪಂಜಿನ ಅಂಚು ಕೂರುವ ಜಾಗಕ್ಕೆ ತೆಳುವಾಗಿ ಗ್ರೀಸು ಸವರಿದರೆ ಸಂದಿಯಿಂದ ಧೂಳು ನುಸುಳುವುದಿಲ್ಲ. ಹರಿದ ಸ್ಪಂಜಿಗೆ ಬದಲಾಗಿ ಹಾಸಿಗೆಯ ಫೋಮನ್ನು ಕತ್ತರಿಸಿ ಹಾಕುವ ರೂಢಿ ಕೆಲವು ಹಳ್ಳಿಗಳಲ್ಲಿದೆ. ಅದರ ರಂಧ್ರದ ಅಳತೆ ಬೇರೆ, ಎಣ್ಣೆ ಮತ್ತು ಪೆಟ್ರೋಲಿನ ಆವಿಗೆ ಅದು ಬೇಗ ಕರಗಿ ಚೂರಾಗುತ್ತದೆ. ಆ ಚೂರುಗಳು ಹೋಗಿ ಸೇರುವುದು ಕಾರ್ಬುರೇಟರನ್ನು.

ಎಷ್ಟು ದಿನಕ್ಕೊಮ್ಮೆ?

ಪುಸ್ತಕದಲ್ಲಿ ಕೊಟ್ಟ ಕಿಲೋಮೀಟರಿನ ಲೆಕ್ಕ ಸಾಧಾರಣ ರಸ್ತೆಗೆ ಹೇಳಿದ್ದು. ಪುಣೆ–ಹೈದರಾಬಾದ ಹೆದ್ದಾರಿಯ ಮೇಲೆ ರಾಜೇಶ್ವರದಿಂದ ಹುಮನಾಬಾದಿಗೆ ಓಡಾಡುವ ಗಾಡಿಗೂ ಹೊಲದ ದಾರಿಯಲ್ಲೇ ದಿನ ಕಳೆಯುವ ಗಾಡಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಹೊಲದ ಗಾಡಿಗೆ ಆ ಅಂತರವನ್ನು ಅರ್ಧಕ್ಕೆ ಇಳಿಸಬೇಕು. ಕಿಲೋಮೀಟರಿನ ಮೀಟರೇ ಕೆಟ್ಟಿರುವ ಗಾಡಿಗಳಿಗೆ ಬೆಳೆಯ ಲೆಕ್ಕವೇ ಸರಿ: ಸೋಯಾ ರಾಶಿ ಮುಗಿದ ಮೇಲೆ ಒಮ್ಮೆ, ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ, ಕಡಲೆ ಮತ್ತು ಹಿಂಗಾರಿ ಜೋಳದ ರಾಶಿ ಮುಗಿದು ಯುಗಾದಿಗೆ ಮುಂಚೆ ಒಮ್ಮೆ, ಮಿರಗದ ಮಳೆಗೆ ಮುನ್ನ ಇನ್ನೊಮ್ಮೆ. ರಾಶಿ ಹಲವು ದಿನ ನಡೆಯುವುದಿದ್ದರೆ ನಡುವೆಯೂ ಮುಚ್ಚಳ ತೆಗೆದು ನೋಡಬೇಕು. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿದ ಗಾಡಿಯ ಸ್ಪಂಜನ್ನು ಅದೇ ದಿನ ತೆಗೆದು ನೋಡತಕ್ಕದ್ದು. ಡಬ್ಬಿಯ ಕೆಳಗೆ ಬೂಚು ಹಾಕಿದ ಚಿಕ್ಕ ನಳಿಗೆ ಇದ್ದರೆ ಅದರಲ್ಲಿ ಸೇರಿದ ನೀರು, ಎಣ್ಣೆಯನ್ನು ಇಳಿಸಿ ಬೂಚನ್ನು ಮತ್ತೆ ಹಾಕಬೇಕು.

ತೊಗರಿಯ ಕಾಯಿಕೊರಕಕ್ಕೆ ಔಷಧಿ ಹೊಡೆಯುವ ಪೆಟ್ರೋಲು ಸಿಂಪರಣಾ ಯಂತ್ರಗಳಲ್ಲಿಯೂ ಬಹುಮಟ್ಟಿಗೆ ಇಂಥದೇ ಚಿಕ್ಕ ಸ್ಪಂಜು ಇರುತ್ತದೆ. ಅದನ್ನು ತೊಳೆಯುವಾಗ ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳಬೇಕು, ಏಕೆಂದರೆ ಅದರಲ್ಲಿ ಔಷಧಿಯ ಅಂಶವೂ ಇರುತ್ತದೆ. ಸ್ಪಂಜು ತೊಳೆಯಲು ಅಡಿಗೆಯ ಪಾತ್ರೆಯನ್ನಾಗಲಿ, ದನಗಳಿಗೆ ನೀರಿಡುವ ಬಕೀಟನ್ನಾಗಲಿ ಉಪಯೋಗಿಸಬಾರದು. ತೊಳೆದ ಕೊಳೆನೀರನ್ನು ಬಾವಿ, ಬೋರುವೆಲ್ಲು, ಹಳ್ಳದ ಹತ್ತಿರ ಚೆಲ್ಲದೆ ದೂರದಲ್ಲಿ ಹಾಕಬೇಕು. ಸೀಮೆಎಣ್ಣೆಯಲ್ಲಿ ತೊಳೆದಿದ್ದರೆ ಅದನ್ನು ಡಬ್ಬಿಯಲ್ಲಿ ಒಂದೆರಡು ದಿನ ತೆರಪಿಲ್ಲದೆ ಮುಚ್ಚಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದಿಟ್ಟುಕೊಂಡು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಬಹುದು.