ನಿನ್ನ ಹವಾಲ್ದಾರನ ಬಗ್ಗೆ ಒಂದು ಮಾತು

ತಮ್ಮಾ, ನಿನ್ನ ಕಾದಂಬರಿಯ ಕರಡು ಪೂರ್ತಿ ಓದಿದೆ. ಬರವಣಿಗೆಯಲ್ಲಿ ಕಸುವಿದೆ. ಗಡಿಯ ಚಳಿ, ಬಂಕರಿನೊಳಗಿನ ಸೀಮೆಎಣ್ಣೆ ವಾಸನೆ, ಮನೆಯ ಕಾಗದಕ್ಕೆ ಕಾಯುವ ಕಾತರ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಆದರೆ ನಿನ್ನ ಹವಾಲ್ದಾರ ಸತ್ತಾಗ ನನಗೆ ದುಃಖವಾಗಲಿಲ್ಲ. ಮೊದಲ ಪುಟದಿಂದಲೇ ಅವನು ದಡ್ಡ. ಮೇಲಿನವರು ಹೇಳಿದ್ದಕ್ಕೆಲ್ಲ ಗೋಣಾಡಿಸುತ್ತಾನೆ, ಘೋಷಣೆ ಕೂಗುತ್ತಾನೆ, ಅದರಲ್ಲೇ ಸಾಯುತ್ತಾನೆ. ನಿಷ್ಠೆ ಎಂದರೆ ಬುದ್ಧಿಗೇಡಿತನ ಎಂಬ ತೀರ್ಮಾನ ಮಾಡಿಕೊಂಡೇ ನೀನು ಬರೆಯಲು ಕೂತಿದ್ದೀಯ. ಹಾಗಲ್ಲಪ್ಪ. ಅವನಲ್ಲಿದ್ದ ಗುಣಗಳಲ್ಲೆಲ್ಲ ನಿಷ್ಠೆಯೇ ದೊಡ್ಡದಾಗಿರಬೇಕು, ಅದೇ ಅವನನ್ನು ತಿನ್ನಬೇಕು. ಆಗ ಓದುವವನಿಗೆ ಸಂಕಟವಾಗುತ್ತದೆ.

ಪಂಪನನ್ನು ಮತ್ತೊಮ್ಮೆ ತೆಗೆದು ಓದು. 941ರ ವಿಕ್ರಮಾರ್ಜುನ ವಿಜಯ, ಒಂಬತ್ತನೆಯ ಆಶ್ವಾಸ. ಸಂಧಿ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಬೇರೆಯಾಗಿ ಕಂಡು ಹುಟ್ಟಿನ ಗುಟ್ಟು ಹೇಳುತ್ತಾನೆ. ಪಾಂಡವರಿಗೆ ನೀನೇ ಅಣ್ಣ, ರಾಜ್ಯ ನಿನ್ನದು. ಹೊರಹೋಗುವ ಬಾಗಿಲು ಅಲ್ಲಿ ಹಾರುಹೊಡೆದಿದೆ, ಕರ್ಣ ಅದನ್ನು ಕಂಡೂ ಇದ್ದಾನೆ. ಎದುರು ನಿಂತವರು ತಮ್ಮಂದಿರು ಎಂದು ಗೊತ್ತಾದ ಮೇಲೆ ಅವರನ್ನು ಕೊಲ್ಲಲಾರ. ತುಂಬಿದ ಸಭೆ ಕುಲ ಕೇಳಿ ಹಂಗಿಸಿದಾಗ ಅಂಗರಾಜ್ಯ ಕೊಟ್ಟು ಕೈಹಿಡಿದ ದುರ್ಯೋಧನನನ್ನು ಬಿಡಲೂ ಆರ. ಹಾಗಾದರೆ ತಾನೇ ಮೊದಲು ಸಾಯುವುದು ಎಂದು ನಿಶ್ಚಯಿಸುತ್ತಾನೆ. ಯಾವ ಸಿದ್ಧಾಂತವೂ ಇಲ್ಲಿಲ್ಲ, ಇರುವುದು ಒಬ್ಬ ಮನುಷ್ಯನ ಋಣ ಮಾತ್ರ. ಇನ್ನೊಂದು ಸಂಗತಿಯನ್ನೂ ಗಮನಿಸು. ಪಂಪ ಸ್ವತಃ ಕತ್ತಿ ಹಿಡಿದವನು, ಅರಿಕೇಸರಿಯ ಅನ್ನ ಉಂಡವನು. ಆ ಒಡೆಯನನ್ನೇ ಅರ್ಜುನನಿಗೆ ಹೋಲಿಸಿ ಕಾವ್ಯ ಕಟ್ಟಿದ. ಆದರೂ ಕರ್ಣನ ಹತ್ತಿರ ಬಂದಾಗ ಅವನ ಮಾತು ಎಷ್ಟು ಆರ್ದ್ರವಾಗುತ್ತದೆ! ಜೋಳದ ಪಾಳಿ, ಅಂದರೆ ಉಂಡ ಅನ್ನದ ಋಣ, ಎಂಥದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಿದ್ಧಾಂತ ಕೊಲ್ಲುವ ಬಗೆ ಬೇರೆ. ರೆಮಾರ್ಕ್ ಬರೆದ, 1929ರಲ್ಲಿ ಪುಸ್ತಕವಾಗಿ ಬಂದ ‘ಆಲ್ ಕ್ವೈಯೆಟ್ ಆನ್ ದಿ ವೆಸ್ಟರ್ನ್ ಫ್ರಂಟ್’ನಲ್ಲಿ ಹುಡುಗರನ್ನು ಸೈನ್ಯಕ್ಕೆ ಸೇರಿಸಿದ್ದು ಅವರ ಮೇಷ್ಟ್ರು ಕಾಂಟೊರೆಕ್. ಬೆಮ್ ಎಂಬ ಹುಡುಗ ಹಿಂಜರಿಯುತ್ತಾನೆ, ಹೇಡಿ ಅನ್ನಿಸಿಕೊಳ್ಳುವ ಭಯಕ್ಕೆ ಹೊರಡುತ್ತಾನೆ, ಎಲ್ಲರಿಗಿಂತ ಮೊದಲು ಸತ್ತವರಲ್ಲಿ ಅವನೊಬ್ಬ. ಸಿದ್ಧಾಂತ ಮೈಕಿನಲ್ಲಿ ಬರುವುದಕ್ಕಿಂತ ಹೆಚ್ಚಾಗಿ ನಾವು ಗೌರವಿಸುವವರ ಬಾಯಲ್ಲಿ ಬರುತ್ತದೆ. ನಿನ್ನ ಕರಡಿನಲ್ಲಿ ಹವಾಲ್ದಾರನ ಕಿವಿಗೆ ಆ ಮಾತು ಹಾಕಿದವರು ಯಾರು? ಯಾರೂ ಇಲ್ಲ, ಮೂರನೆಯ ಅಧ್ಯಾಯದಲ್ಲಿ ಒಂದು ಭಾಷಣವಿದೆ ಅಷ್ಟೆ. ಅದನ್ನು ತೆಗೆದುಹಾಕು. ಅವನನ್ನು ಓದಿಸಿದ ಸೋದರಮಾವನನ್ನೋ, ಕಬಡ್ಡಿ ಕಲಿಸಿದ ಮೇಷ್ಟ್ರನ್ನೋ ತಾ. ಅವರು ಒಳ್ಳೆಯವರಾಗಿರಲಿ.

ಅದೇ ಪುಸ್ತಕದಲ್ಲಿ, ಆ ಹುಡುಗರಲ್ಲೊಬ್ಬನಾದ ಪಾಲ್ ಗುಂಡಿಯೊಳಗೆ ಬಿದ್ದ ಫ್ರೆಂಚ್ ಸೈನಿಕನನ್ನು ಇರಿದು, ಅವನು ನಿಧಾನವಾಗಿ ಸಾಯುವುದನ್ನು ಪಕ್ಕದಲ್ಲೇ ಕೂತು ನೋಡಬೇಕಾಗುತ್ತದೆ. ಜೇಬಿನಲ್ಲಿ ಹೆಂಡತಿ ಮಗುವಿನ ಚಿತ್ರ. ಹೆಸರು ಡ್ಯುವಾಲ್, ಕಸುಬು ಅಚ್ಚುಮೊಳೆ ಜೋಡಿಸುವುದು. ಶತ್ರು ಅನ್ನುವವನಿಗೆ ಹೆಸರೂ ಕಸುಬೂ ಬಂದ ಗಳಿಗೆಯಲ್ಲಿ ಮೇಷ್ಟ್ರ ಪಾಠ ಉಳಿಯುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನದು. ತನ್ನವರ ನಡುವೆ ಹಿಂದಿರುಗಿದ ಪಾಲ್ ಬೇಗನೆ ಸಮಾಧಾನಗೊಳ್ಳುತ್ತಾನೆ. ಅವನು ಹಾಳಾಗಿದ್ದಾನೆಂದು ನನಗೆ ತಿಳಿದದ್ದು ಅಲ್ಲಿ. ಕೊನೆಯಲ್ಲಿ ಬರುವ ಸಾವು ಬರಿಯ ವರದಿ.

ನೀನು ಕಲಿಯಬೇಕಾದದ್ದು ಎಲ್ಲಕ್ಕಿಂತ ಹೆಚ್ಚಾಗಿ ಕರ್ನಲ್ ನಿಕಲ್ಸನ್‌ನಿಂದ. ಫ್ರೆಂಚ್ ಲೇಖಕ ಪಿಯೆರ್ ಬುಲ್ 1952ರಲ್ಲಿ ಪ್ರಕಟಿಸಿದ ಕ್ವಾಯ್ ನದಿಯ ಸೇತುವೆಯ ಕಾದಂಬರಿಯ ನಾಯಕ ಅವನು. ಜಪಾನಿಯರ ಕೈದಿಯಾದ ಬ್ರಿಟಿಷ್ ಅಧಿಕಾರಿ. ಅಧಿಕಾರಿಗಳು ಕೂಲಿ ಮಾಡುವುದಿಲ್ಲ, ನಿಯಮ ಹಾಗಿದೆ ಎಂದು ಹಠ ಹಿಡಿದು ಹೊಡೆತ ತಿಂದು ಗೆಲ್ಲುತ್ತಾನೆ. ಆ ಪುಟಗಳಲ್ಲಿ ನಾವೂ ಅವನ ಕಡೆಯವರೇ. ಅದೇ ಹಠ ಮುಂದೆ, ಬ್ರಿಟಿಷ್ ಸಿಪಾಯಿ ಕಳಪೆ ಕೆಲಸ ಮಾಡಬಾರದು ಎಂಬ ಮಾತಾಗಿ, ಜಪಾನಿಯರಿಗೆ ಕಟ್ಟಲಾಗದಿದ್ದ ಸೇತುವೆಯನ್ನು ಅವನಿಂದಲೇ ಕಟ್ಟಿಸುತ್ತದೆ. ಅದರ ಮೇಲೆ ಹೋಗುವುದು ಶತ್ರುವಿನ ರೈಲು. ತನ್ನವರೇ ಸೇತುವೆ ಸಿಡಿಸಲು ಬಂದಾಗ ತಡೆಯುವವನೂ ಅವನೇ. ಎಲ್ಲಿ ತಪ್ಪಿದ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಪ್ರತಿ ಹೆಜ್ಜೆಯೂ ಶಿಸ್ತಿನದೇ.

ಡೇವಿಡ್ ಲೀನ್ 1957ರ ಸಿನಿಮಾದಲ್ಲಿ ಕೊನೆಗಳಿಗೆಯಲ್ಲಿ ನಿಕಲ್ಸನ್‌ಗೆ ಅರಿವು ಬರುವಂತೆ ಮಾಡಿದ, ಸೇತುವೆಯೂ ಬೀಳುತ್ತದೆ. ಕಾದಂಬರಿಯಲ್ಲಿ ಸೇತುವೆ ನಿಂತೇ ಇರುತ್ತದೆ, ಅವನಿಗೆ ಅರಿವಾಗುವುದೂ ಇಲ್ಲ. ಸಿನಿಮಾ ನನಗೆ ಇಷ್ಟ, ಆದರೆ ಕಾದಂಬರಿಯ ಕೊನೆಯೇ ಸತ್ಯಕ್ಕೆ ಹತ್ತಿರ. ಕರ್ಣನಿಗೆ ಎಲ್ಲ ಗೊತ್ತಿತ್ತು, ಹಾಗಾಗಿ ಅವನು ಸೋತರೂ ಕರ್ಣನಾಗಿಯೇ ಉಳಿದ. ನಿಕಲ್ಸನ್‌ನ ಒಳಗೆ ಕೇಳುವವನೇ ಉಳಿದಿರಲಿಲ್ಲ.

ಇನ್ನೊಂದು ಎಚ್ಚರ. ಆ ಸೇತುವೆಯ ರೈಲುಹಾದಿ ನಿಜವಾದದ್ದು, ಸುಮಾರು 415 ಕಿಲೋಮೀಟರ್. ಅಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಮಲಯಾದ ತೋಟಗಳಿಂದ ಒಯ್ದ ತಮಿಳು ಕೂಲಿಗಳೂ ಸೇರಿ ಏಷ್ಯಾದ ಕಾರ್ಮಿಕರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸತ್ತರು. ಅಲ್ಲಿದ್ದ ನಿಜವಾದ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ತಮ್ಮ ಸೈನಿಕರನ್ನು ಉಳಿಸಲು ಹೆಣಗಿದವರು, ನಿಕಲ್ಸನ್‌ನಂಥವರಲ್ಲ. ಬದುಕಿ ಬಂದ ಕೈದಿಗಳಲ್ಲಿ ಹಲವರು ಆ ಪಾತ್ರದಿಂದ ನೊಂದರು. ನಿನ್ನ ಕಥೆ ನಡೆಯುವ ಗಡಿಯಲ್ಲೂ ನಿಜವಾದ ಸಿಪಾಯಿಗಳು ಸತ್ತಿದ್ದಾರೆ. ಅವರ ಹೆಂಡಿರು ಮಕ್ಕಳು ಈ ಪುಸ್ತಕ ಓದಬಹುದು. ಅವರ ಮುಂದೆ ಕೂತು ಓದಲಾಗದ ವಾಕ್ಯವನ್ನು ಇಟ್ಟುಕೊಳ್ಳಬೇಡ.

ಈಗ ಮಾಡಬೇಕಾದದ್ದು ಇಷ್ಟು. ಹವಾಲ್ದಾರನಿಗೆ ನಡುವೆ ರಜೆ ಕೊಟ್ಟು ಊರಿಗೆ ಕಳಿಸು, ಅಲ್ಲಿ ಅವನಿಗೆ ಮಾತು ಹೊರಡದಿರಲಿ. ಕೊನೆಯ ರಾತ್ರಿ ಹಿಂದೆ ಸರಿಯುವ ಅವಕಾಶವೊಂದು ನಿಜವಾಗಿಯೂ ಒದಗಲಿ, ಮರ್ಯಾದೆ ಹೋಗದಂಥ ಅವಕಾಶ. ಅದನ್ನು ಅವನು ಕಾಣುತ್ತಾನೋ ಇಲ್ಲವೋ ನೀನೇ ನಿರ್ಧರಿಸು, ಎರಡಕ್ಕೂ ದಾರಿಯಿದೆ. ದೀಪಾವಳಿಗೆ ಬರುವಾಗ ಆ ಅಧ್ಯಾಯ ತಾ, ಜಗಲಿಯಲ್ಲಿ ಕೂತು ಓದೋಣ.