ಹಿನ್ನೀರಿನ ತೋಟಕ್ಕೆ ಅಡ್ವಾನ್ಸ್ ಕೊಡುವ ಮುನ್ನ

ದುಬೈನಲ್ಲಿದ್ದುಕೊಂಡು ಲಕ್ಕವಳ್ಳಿ ಬಳಿ ಅಡಿಕೆ ತೋಟ ಕೊಂಡು, ಭದ್ರಾ ಹಿನ್ನೀರಿಗೆ ಮುಖ ಮಾಡಿ ಹೋಂಸ್ಟೇ ಕಟ್ಟಿಸುವ ಆಸೆ ಬರೆದಿದ್ದೀರಿ. ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂದು ಬ್ರೋಕರ್ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದಂತೆ ಅನಿವಾಸಿ ಭಾರತೀಯರು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಾದರೆ ಇಟ್ಟುಕೊಳ್ಳಬಹುದು. ತಪ್ಪಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ. ನಿಮ್ಮ ದುಡ್ಡು ಹಾಕಿ ಭಾವನ ಹೆಸರಿಗೆ ಮಾಡಿಸುವುದಂತೂ ಬೇಡವೇ ಬೇಡ. ಬೇನಾಮಿ ಎಂದು ಸಾಬೀತಾದರೆ ಜಮೀನು ಸರ್ಕಾರದ ಪಾಲು, ಮನೆಯವರಲ್ಲಿ ಮನಸ್ತಾಪ ಬೇರೆ.

ಕೊಳ್ಳಲೇಬೇಕೆಂದರೆ ಭೂಪರಿವರ್ತನೆ ಆದ ನಿವೇಶನ ನೋಡಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇರುವುದರಿಂದ, ಆ ಸರ್ವೆ ನಂಬರಿನಲ್ಲಿ ಹೋಂಸ್ಟೇಗೆ ಅವಕಾಶವಿದೆಯೇ ಎಂದು ಮೊದಲು ಅರಣ್ಯ ಇಲಾಖೆಯಿಂದ ಲಿಖಿತವಾಗಿ ಪಡೆಯಿರಿ.