ಎರಡನೆಯ ತುಂಡಿಗೆ ಕೈ ಹಾಕುವ ಮುನ್ನ

ಮಕ್ಕಳೇ,

ಓದಿಗೆಂದು ಕೆನಡಾಕ್ಕೋ ಅಮೆರಿಕಕ್ಕೋ ಹೊರಟವರಿಗೆ ಮನೆಯವರು ನೂರು ಮಾತು ಹೇಳಿ ಕಳಿಸುತ್ತಾರೆ. ಚಳಿ, ಬಾಡಿಗೆ, ಬ್ಯಾಂಕು, ಚಟ್ನಿಪುಡಿ ಎಲ್ಲವೂ ಅದರಲ್ಲಿ ಬರುತ್ತವೆ. ಗಾಂಜಾದ ಮಾತು ಬರುವುದು ಕಡಿಮೆ. ಬಂದರೂ "ಅದರ ತಂಟೆಗೆ ಹೋಗಬೇಡ" ಎಂಬಲ್ಲಿಗೆ ಮುಗಿಯುತ್ತದೆ. ನಾನೂ ಹಾಗೆ ಹೇಳುವವಳೇ. ಆದರೆ ಟೊರಾಂಟೊ ಪಕ್ಕದ ಊರೊಂದರಲ್ಲಿ ಔಷಧದಂಗಡಿಯ ಕೌಂಟರಿನ ಹಿಂದೆ ಬಹುಕಾಲ ನಿಂತವಳಾದ ನನಗೆ ಅಷ್ಟು ಹೇಳಿದರೆ ಸಾಲದೆಂದು ಗೊತ್ತು. ನಿಮ್ಮ ಮುಂದೆ ಯಾರೂ ಚಿಲುಮೆ ಹಿಡಿಯುವುದಿಲ್ಲ. ಗೆಳೆಯರ ಮನೆಯ ಮೇಜಿನ ಮೇಲೆ ಒಂದು ತಟ್ಟೆ ಬ್ರೌನಿ ಇರುತ್ತದೆ, ಅಥವಾ ಸಕ್ಕರೆ ಮೆತ್ತಿದ ನಾಲ್ಕು ಗಮ್ಮಿ. ಹೊಗೆಯಿಲ್ಲ, ಕೆಮ್ಮಿಲ್ಲ, ನೋಡಿದರೆ ಮಿಠಾಯಿ. ಸೇದುವುದಕ್ಕಿಂತ ತಿನ್ನುವುದು ಸೌಮ್ಯ ಎಂಬ ನಂಬಿಕೆ ಹುಟ್ಟುವುದು ಅಲ್ಲಿಂದಲೇ. ಆ ನಂಬಿಕೆಯನ್ನು ನಿಮ್ಮ ತಲೆಯಿಂದ ತೆಗೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಇದೆಲ್ಲ ಪಾಶ್ಚಾತ್ಯರ ಹೊಸ ಚಾಳಿ ಎಂದೂ ತಿಳಿಯಬೇಡಿ. ಕಾಶಿಯಲ್ಲಿ ಶಿವರಾತ್ರಿ, ಹೋಳಿ ಬಂದರೆ ಭಂಗಿಸೊಪ್ಪನ್ನು ಅರೆದು ಹಾಲು, ಬಾದಾಮಿ, ಸೋಂಪಿನೊಡನೆ ಠಂಡಾಯಿಗೆ ಬೆರೆಸುವುದು ಇಂದಿಗೂ ಇದೆ. ಜೈಸಲ್ಮೇರಿನಲ್ಲಿ ಸರ್ಕಾರದ ಪರವಾನಗಿ ಪಡೆದ ಭಾಂಗ್ ಅಂಗಡಿಯಿದೆ. ತುಪ್ಪ, ಸಕ್ಕರೆ, ಸೊಪ್ಪು ಕೂಡಿಸಿ ಮಾಡುವ ಮಾಜೂನ್ ಎಂಬ ಮಿಠಾಯಿಯ ವಿಧಾನವನ್ನು ಕಲ್ಕತ್ತೆಯ ವೈದ್ಯ ವಿಲಿಯಂ ಓಶಾನೆಸಿ 1839ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಬಂದದ್ದು. ಕೆಲವರು ಸೇದುತ್ತಾರೆ, ಕೆಲವರು ಕುದಿಸಿ ಕುಡಿಯುತ್ತಾರೆ. ಆ ಬಳಕೆಗಳಿಗೆ ಒಂದು ದಿನ, ಒಂದು ಜಾಗ, ಕಣ್ಣಿಟ್ಟು ನೋಡಿಕೊಳ್ಳುವ ಹಿರಿಯರು ಇರುತ್ತಿದ್ದರು. ಅಂಗಡಿಯಿಂದ ತಂದ ಗಮ್ಮಿಗೆ ಅದಾವುದೂ ಇಲ್ಲ. ಜೊತೆಗೆ ಸೊಪ್ಪಿನ ಕಸುವೇ ಬೇರೆ, ಹೂವಿನ ಅಂಟಿನಿಂದ ಇಳಿಸಿದ ಸತ್ವದ ಕಸುವೇ ಬೇರೆ. ಅಜ್ಜನ ಕಾಲದ ಭಾಂಗನ್ನು ನೆನೆದು ಇವತ್ತಿನ ಚಾಕೊಲೇಟನ್ನು ಅಳೆಯಬೇಡಿ.

ಈಗ ಮೈಯೊಳಗೆ ಏನಾಗುತ್ತದೆಂದು ಕೇಳಿ. ಅಮಲು ತರುವ ವಸ್ತುವಿನ ಹೆಸರು ಟಿಎಚ್‌ಸಿ. ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಹೊಗೆಯಲ್ಲಿ ಹೋದರೆ ಶ್ವಾಸಕೋಶದಿಂದ ನೇರ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ. ನಿಮಿಷಗಳಲ್ಲಿ ಗೊತ್ತಾಗುತ್ತದೆ, ಸಾಕೆನಿಸಿದರೆ ನಿಲ್ಲಿಸಬಹುದು. ಹೊಟ್ಟೆಗೆ ಹೋದದ್ದು ಜೀರ್ಣವಾಗಿ, ಕರುಳಿನಿಂದ ಯಕೃತ್ತಿಗೆ ಬಂದು, ಅಲ್ಲಿ ಒಂದಷ್ಟು ಪಾಲು 11-ಹೈಡ್ರಾಕ್ಸಿ ಟಿಎಚ್‌ಸಿ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಇದು ಮಿದುಳಿನೊಳಗೆ ಇನ್ನೂ ಸಲೀಸಾಗಿ ನುಗ್ಗುವಂಥದ್ದು. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ತಾರಕಕ್ಕೇರಲು ನಾಲ್ಕು ಗಂಟೆಯೂ ಹಿಡಿಯಬಹುದು. ಇಳಿಯಲು ಹನ್ನೆರಡು ಗಂಟೆ, ಮಂಪರು ಮರುದಿನದವರೆಗೆ. ಬರಿಹೊಟ್ಟೆಯೋ ಉಂಡ ಹೊಟ್ಟೆಯೋ ಎಂಬುದರ ಮೇಲೆ, ಅವರವರ ಯಕೃತ್ತಿನ ಮೇಲೆ ಈ ಲೆಕ್ಕ ಬದಲಾಗುತ್ತದೆ. ಪಕ್ಕದವನಿಗೆ ಏನೂ ಆಗಲಿಲ್ಲವೆಂದರೆ ನಿಮಗೂ ಆಗುವುದಿಲ್ಲವೆಂದು ಅರ್ಥವಲ್ಲ.

ಅಪಾಯ ಅಡಗಿರುವುದು ಆ ಕಾಯುವ ಹೊತ್ತಿನಲ್ಲಿ. 2014ರ ಜನವರಿಯಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೋಜಿನ ಬಳಕೆಗೂ ಗಾಂಜಾ ಮಾರಾಟ ಶುರುವಾಯಿತು. ಮಾರ್ಚ್ ತಿಂಗಳಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ, ಅವನೂ ಪರದೇಶದಿಂದ ಓದಲು ಬಂದವನೇ, ಸ್ನೇಹಿತರೊಡನೆ ಡೆನ್ವರಿಗೆ ಹೋದ. ಕೊಂಡ ಕುಕಿಯೊಂದರಲ್ಲಿ 65 ಮಿಲಿಗ್ರಾಂ ಟಿಎಚ್‌ಸಿ ಇತ್ತು. ಆರು ಪಾಲು ಮಾಡಿ ಒಂದೊಂದೇ ತಿನ್ನಬೇಕೆಂದು ಅಂಗಡಿಯವನೂ ಹೇಳಿದ್ದ. ಹುಡುಗ ಒಂದು ಪಾಲು ತಿಂದ. ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಏನೂ ಅನ್ನಿಸಲಿಲ್ಲ. ಉಳಿದದ್ದನ್ನೆಲ್ಲ ತಿಂದುಬಿಟ್ಟ. ಮುಂದಿನ ಕೆಲವೇ ಗಂಟೆಗಳಲ್ಲಿ ಮಾತು ತಪ್ಪಿ, ನಡವಳಿಕೆ ತಪ್ಪಿ, ಹೋಟೆಲಿನ ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಹಾರಿ ಸತ್ತ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ಈ ಸಾವನ್ನು ವಿವರವಾಗಿ ದಾಖಲಿಸಿತು. ಆ ಮಗು ದುಷ್ಟನಲ್ಲ, ಚಟಗಾರನಲ್ಲ. ಅವಸರ ಮಾಡಿದ, ಅಷ್ಟೇ. ಅವನ ತಾಯಿಯನ್ನು ನೆನೆದಾಗಲೆಲ್ಲ ನನಗೆ ಕರುಳು ಕಿತ್ತು ಬರುತ್ತದೆ.

ಆಮೇಲೆ ಕೊಲರಾಡೊ ನಿಯಮ ಬಿಗಿ ಮಾಡಿತು: ಪ್ರತಿ ತುಂಡಿನ ಮೇಲೂ ಟಿಎಚ್‌ಸಿ ಗುರುತು ಅಚ್ಚೊತ್ತಬೇಕು, ಪ್ರಾಣಿ, ಹಣ್ಣಿನ ಆಕಾರ ಕೂಡದು. ಆದರೂ ಅಲ್ಲಿ ಒಂದು ಪಾಲೆಂದರೆ 10 ಮಿಲಿಗ್ರಾಂ, ಒಂದು ಪೊಟ್ಟಣಕ್ಕೆ 100 ಮಿಲಿಗ್ರಾಂ ತನಕ ಇರಬಹುದು. ಕೆನಡಾ 2018ರಲ್ಲಿ ಗಾಂಜಾವನ್ನೂ ಮರುವರ್ಷ ತಿನಿಸುಗಳನ್ನೂ ಕಾನೂನಿನೊಳಗೆ ತಂದಾಗ ಇಡೀ ಪೊಟ್ಟಣಕ್ಕೇ 10 ಮಿಲಿಗ್ರಾಂ ಎಂದು ಮಿತಿ ಹಾಕಿತು. ಕೆನಡಾದಲ್ಲಿ ಒಂದು ಪೊಟ್ಟಣ ಮುಗಿಸಿ ಅಭ್ಯಾಸವಾದವರು ಕೊಲರಾಡೊದಲ್ಲಿ ಅಂಥ ಒಂದು ಪೊಟ್ಟಣ ಮುಗಿಸಿದರೆ ಹತ್ತು ಪಟ್ಟು ತಿಂದಂತಾಯಿತು. ಹೊಸಬರಿಗೆ 2.5 ಮಿಲಿಗ್ರಾಂಗಿಂತ ಹೆಚ್ಚು ಬೇಡವೆಂದು ಕೆನಡಾದ ಆರೋಗ್ಯ ಇಲಾಖೆಯೇ ಹೇಳುತ್ತದೆ, ಅಂದರೆ 10ರ ಗಮ್ಮಿಯ ಕಾಲು ಭಾಗ. ಕಾಲು ಗಮ್ಮಿ ತಿಂದು ನಾಲ್ಕು ಗಂಟೆ ಸುಮ್ಮನಿರುವ ತಾಳ್ಮೆ ಪಾರ್ಟಿಯ ಗದ್ದಲದಲ್ಲಿ ಎಷ್ಟು ಜನಕ್ಕೆ ಇದ್ದೀತು?

ಎಲ್ಲ ತಿನಿಸೂ ಒಂದೇ ಬಗೆಯಲ್ಲಿ ನಡೆಯುವುದಿಲ್ಲ ಎಂಬುದನ್ನೂ ತಿಳಿದಿರಿ. ಗಮ್ಮಿ, ಚಾಕೊಲೇಟ್, ಕುಕಿ, ಮಾತ್ರೆ ಇವೆಲ್ಲ ಹೊಟ್ಟೆಯ ದಾರಿಯವು, ನಿಧಾನ. ಟಿಎಚ್‌ಸಿ ಜಿಡ್ಡಿನಲ್ಲಿ ಕರಗುವ ವಸ್ತುವಾದ್ದರಿಂದ ಬೆಣ್ಣೆ, ಎಣ್ಣೆಯ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ; ಸೊಪ್ಪನ್ನು ತುಪ್ಪದಲ್ಲೋ ಹಾಲಿನಲ್ಲೋ ಕಾಯಿಸುತ್ತಿದ್ದ ಹಳಬರಿಗೆ ಇದು ಅನುಭವದಿಂದ ಗೊತ್ತಿತ್ತು. ನಾಲಿಗೆಯ ಕೆಳಗೆ ಹನಿ ಬಿಡುವ ಎಣ್ಣೆ ಅಲ್ಲೇ ಇಂಗಿದರೆ ಬೇಗ ಏರುತ್ತದೆ, ನುಂಗಿದರೆ ಮತ್ತೆ ಹೊಟ್ಟೆಯ ದಾರಿಯೇ. ಈಚೆಗೆ ಬಂದಿರುವ ಪಾನೀಯಗಳಲ್ಲಿ ಎಣ್ಣೆಯನ್ನು ಅತಿ ಸೂಕ್ಷ್ಮ ಹನಿಗಳಾಗಿ ಒಡೆದಿರುತ್ತಾರೆ. ಕಾಲು ಗಂಟೆಯಲ್ಲೇ ಅಮಲು ತೋರಬಹುದು. ಮದ್ಯದ ಜೊತೆ ಇವನ್ನು ಬೆರೆಸಿದವರ ಸ್ಥಿತಿ ಎರಡರಲ್ಲಿ ಯಾವುದೊಂದನ್ನು ಮಾತ್ರ ತೆಗೆದುಕೊಂಡವರಿಗಿಂತ ಬಹಳ ಕೆಡುತ್ತದೆ.

ಎಲ್ಲಕ್ಕಿಂತ ನಾನು ಹೆದರುವುದು ಮನೆಯಲ್ಲಿ ಮಾಡಿದ್ದಕ್ಕೆ. ಬೆಣ್ಣೆಗೆ ಎಷ್ಟು ಹಾಕಿದರು, ಎಷ್ಟು ಇಳಿಯಿತು ಎಂಬುದು ಮಾಡಿದವರಿಗೇ ಗೊತ್ತಿರುವುದಿಲ್ಲ. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿ ಬೆರೆಯದಿದ್ದರೆ ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಕಟುವಾಗುವ ಹಾಗೆ ಒಂದೇ ತಟ್ಟೆಯ ಬ್ರೌನಿಯ ಒಂದು ಮೂಲೆಯಲ್ಲಿ ಏನೂ ಇಲ್ಲದಿದ್ದು ಇನ್ನೊಂದು ಮೂಲೆಯಲ್ಲಿ ಎಲ್ಲವೂ ಕೂತಿರಬಹುದು. ಪೊಟ್ಟಣವಿಲ್ಲದ, ಅಂಕಿಯಿಲ್ಲದ ಯಾವುದನ್ನೂ ಬಾಯಿಗೆ ಹಾಕಬೇಡಿ, ಕೊಟ್ಟವರು ಎಷ್ಟೇ ಆಪ್ತರಾಗಿರಲಿ. ಪರವಾನಗಿಯಿಲ್ಲದೆ ಆನ್‌ಲೈನಿನಲ್ಲಿ ಮಾರುವ, ಹೆಸರಾಂತ ಮಿಠಾಯಿಯ ಹೊದಿಕೆಯನ್ನೇ ಅನುಕರಿಸಿದ ಪೊಟ್ಟಣಗಳನ್ನೂ ಮುಟ್ಟಬೇಡಿ. ಅವುಗಳ ಮೇಲಿನ ಅಂಕಿಗೆ ಯಾರೂ ಹೊಣೆಯಲ್ಲ.

ಹಾಗೆಯೇ ಗಿಡದ ಹೆಸರು ಕಂಡ ಕೂಡಲೇ ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸಬೇಡಿ. ಹೆಂಪ್ ಎನ್ನುವುದೂ ಇದೇ ಗಿಡವೇ, ಆದರೆ ಅದರ ಬೀಜದಲ್ಲಿ ಅಮಲಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವೆಂದೇ ಒಪ್ಪಿ, ಟಿಎಚ್‌ಸಿಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಸಿಬಿಡಿ ಎಂಬ ಇನ್ನೊಂದು ವಸ್ತು ಮತ್ತು ಬರಿಸುವುದಿಲ್ಲ. ಮಕ್ಕಳ ತೀವ್ರ ಮೂರ್ಛೆರೋಗಕ್ಕೆ ಅದರಿಂದ ಮಾಡಿದ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ನಿರುಪದ್ರವಿ ಎಂದು ಅಂದುಕೊಂಡು ಅಮ್ಮನ ಮಂಡಿನೋವಿಗೆ ಪಾರ್ಸೆಲ್ ಮಾಡಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆಗಳ ಕೆಲಸವನ್ನು ಅದು ಏರುಪೇರು ಮಾಡುತ್ತದೆ. ಅಮೆರಿಕದ ಪೆಟ್ರೋಲ್ ಬಂಕುಗಳ ಅಂಗಡಿಯಲ್ಲಿ ಡೆಲ್ಟಾ-8 ಎಂದು ಬರೆದ ಗಮ್ಮಿ ಕಂಡರೆ ಅದು ಹೆಂಪ್ ಹೆಸರಿನಲ್ಲಿ ಬಂದ ಅಮಲೇ. 2018ರ ಕೃಷಿ ಕಾಯ್ದೆಯ ಸಂದಿನಲ್ಲಿ ನುಸುಳಿದ್ದು. ಸಿಬಿಡಿಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಮಾಡುತ್ತಾರೆ, ಒಳಗೆ ಇನ್ನೇನು ಉಳಿದಿದೆ ಎಂದು ನೋಡುವವರು ಕಡಿಮೆ.

ಇಪ್ಪತ್ತರ ಆಸುಪಾಸಿನಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆ ಇದ್ದಿದ್ದರೆ, ನಮ್ಮಲ್ಲಿ ಅದನ್ನು "ಸ್ವಲ್ಪ ತಲೆ ಸರಿಯಿರಲಿಲ್ಲ" ಎಂದು ಮುಚ್ಚಿಟ್ಟಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಅಂಥವರಿಗೆ ನಾನು ಮಿಲಿಗ್ರಾಂ ಲೆಕ್ಕ ಹೇಳುವುದಿಲ್ಲ. ಒಂದು ಚೂರೂ ಬೇಡ.

ಕಾನೂನಿನ ವಿಷಯದಲ್ಲಿ ಮೈಮರೆತವರನ್ನು ಬಹಳ ಕಂಡಿದ್ದೇನೆ. ಅಮೆರಿಕದ ರಾಜ್ಯ ಒಪ್ಪಿದ್ದನ್ನು ಒಕ್ಕೂಟ ಸರ್ಕಾರ ಒಪ್ಪಿಲ್ಲ, ವೀಸಾ ಕೊಡುವುದು ಒಕ್ಕೂಟ ಸರ್ಕಾರ. ಗಾಂಜಾ ತೆಗೆದುಕೊಂಡಿದ್ದೇನೆಂದು ಗಡಿಯಲ್ಲಿ ಒಪ್ಪಿಕೊಂಡ ವಿದೇಶೀಯನಿಗೆ ಪ್ರವೇಶ ತಪ್ಪಬಹುದು, ಮುಂದೆ ಪೌರತ್ವಕ್ಕೂ ಅಡ್ಡಿಯಾಗಬಹುದು. ಕೆನಡಾದಿಂದ ಒಂದು ಗಮ್ಮಿಯನ್ನೂ ಗಡಿ ದಾಟಿಸುವಂತಿಲ್ಲ. ಊರಿಗೆ ಬರುವಾಗ ಗೆಳೆಯರಿಗೆಂದು ಚೀಲಕ್ಕೆ ಹಾಕಿಕೊಳ್ಳುವ ಯೋಚನೆಯನ್ನಂತೂ ಮಾಡಲೇಬೇಡಿ. ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲಿ ಹೂ ತೆನೆಯಿಂದ ಬೇರೆಯಾದ ಸೊಪ್ಪು, ಬೀಜ ಗಾಂಜಾ ಎನಿಸಿಕೊಳ್ಳುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಾಂಗ್ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟದ್ದು ಈ ಆಧಾರದ ಮೇಲೆ. ಅದನ್ನು ಓದಿ ಗಮ್ಮಿಗೂ ರಿಯಾಯಿತಿ ಇದೆಯೆಂದು ವಾದಿಸುವ ಹುಡುಗರಿದ್ದಾರೆ. ಗಮ್ಮಿಯಲ್ಲಿರುವುದು ಅಂಟಿನ ಸತ್ವ, ಅದರ ಮಿಶ್ರಣವೂ ಕಾಯ್ದೆಯೊಳಗೇ ಬರುತ್ತದೆ. ಇನ್ನೊಂದು ಮಾತು: ಬೆರಕೆ ಇದ್ದಾಗ ಬರೀ ಮಾದಕವಸ್ತುವಿನ ತೂಕವನ್ನಲ್ಲ, ಒಟ್ಟು ತೂಕವನ್ನೇ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸಕ್ಕರೆಯೂ ಕೋಕೋವೂ ತಕ್ಕಡಿಗೆ ಬಂದವೆಂದು ತಿಳಿಯಿರಿ.

ಊರಲ್ಲೇ ಇರುವ ಮಕ್ಕಳೂ ಎಚ್ಚರದಿಂದಿರಿ. 2023ರಲ್ಲಿ ಮಂಗಳೂರು ಪೊಲೀಸರು ಗೂಡಂಗಡಿಗಳಿಂದ ಭಂಗಿ ಬೆರೆಸಿದ ಚಾಕೊಲೇಟುಗಳನ್ನು ವಶಪಡಿಸಿಕೊಂಡರು. ಹೊದಿಕೆಯ ಮೇಲೆ ಆಯುರ್ವೇದ ಎಂಬ ಪದವಿದ್ದ ಮಾತ್ರಕ್ಕೆ ಇಂಥ ಪೊಟ್ಟಣ ಔಷಧವಾಗುವುದಿಲ್ಲ.

ಕೊನೆಯದಾಗಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಡಿಗೆಗಿರುವವರಿಗೆ. ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಇಂಥ ತಿನಿಸು ತಿಂದ ಪ್ರಕರಣಗಳು ವಿಷ ಮಾಹಿತಿ ಕೇಂದ್ರಗಳಿಗೆ 2017ರಲ್ಲಿ 207 ಬಂದಿದ್ದವು, 2021ರಲ್ಲಿ 3,054. ಮಗುವಿಗೆ ಅದು ಮಿಠಾಯಿಯೇ. ದೊಡ್ಡವರಿಗೆ ಬರೀ ತಲೆಸುತ್ತು ತರುವ ಪ್ರಮಾಣಕ್ಕೆ ಮಗು ಎಚ್ಚರ ತಪ್ಪಬಹುದು, ಉಸಿರು ಕುಗ್ಗಬಹುದು. ಹಾಗಾದರೆ ಮನೆಯವರು ಬೈದಾರೆಂದು, ವೀಸಾ ಹೋದೀತೆಂದು ಒಂದು ಗಳಿಗೆಯೂ ತಡಮಾಡಬೇಡಿ. ಉಸಿರಾಟ, ಎಚ್ಚರ ಸರಿಯಿಲ್ಲದಿದ್ದರೆ ಅಮೆರಿಕ, ಕೆನಡಾಗಳಲ್ಲಿ 911, ಭಾರತದಲ್ಲಿ 112. ಸಲಹೆಗೆ ಅಮೆರಿಕದ ವಿಷ ಮಾಹಿತಿ ಕೇಂದ್ರ 1-800-222-1222, ಕೆನಡಾದ್ದು 1-844-764-7669. ಏನು ತಿಂದದ್ದು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಾಯಿತು ಎಂಬುದನ್ನು ಬಚ್ಚಿಡದೆ ಹೇಳಿ, ಪೊಟ್ಟಣ ಸಿಕ್ಕರೆ ಕೈಯಲ್ಲಿ ಹಿಡಿದೇ ಹೋಗಿ. ದೊಡ್ಡವರಿಗೆ ಗಾಬರಿ, ಎದೆಬಡಿತ ಏರಿದ್ದರೆ ಮಲಗಿಸಿ ಬಿಟ್ಟು ಹೊರಡಬೇಡಿ, ಬಾಲ್ಕನಿಯ ಬಾಗಿಲು ಹಾಕಿ ಪಕ್ಕದಲ್ಲಿ ಕುಳಿತಿರಿ, ಕಾರಿನ ಬೀಗದ ಕೈ ನಿಮ್ಮ ಬಳಿ ಇರಲಿ.